ಅಡುಗೆಯವನು ಬೆಳಗಿದ ಹತಾರ

"ಗುರುಗಳೇ, ಮೂರು ವರ್ಷದಿಂದ ಪ್ರತಿ ಸಂಜೆ ನನ್ನ ಮನಸ್ಸನ್ನು ನಿಮ್ಮ ಮುಂದೆ ಬಿಚ್ಚಿಡುತ್ತಿದ್ದೇನೆ. ಸಿಟ್ಟು ಬರಲಿಲ್ಲ, ಆಸೆ ಹುಟ್ಟಲಿಲ್ಲ, ಜಪ ತಪ್ಪಲಿಲ್ಲ ಎಂದು ಎಲ್ಲವನ್ನೂ ಒಪ್ಪಿಸುತ್ತಿದ್ದೇನೆ. ಆದರೂ ನಾನು ಎಂಥವನು, ನನಗೆ ಯಾವ ದಾರಿ ಸರಿ ಎಂದು ನೀವು ಒಂದು ಮಾತೂ ಹೇಳಿಲ್ಲ. ಏಕೆ?" ಎಂದು ರೇವಯ್ಯನೆಂಬ ಶಿಷ್ಯ ಕೇಳಿದ.

"ನನಗೆ ತಿಳಿದರೆ ತಾನೆ ಹೇಳುವುದು" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಛತ್ರದಲ್ಲಿ ಒಬ್ಬ ಅಡುಗೆಯವನಿದ್ದ. ಅವನ ತಾಯಿಯೂ ಅಲ್ಲೇ ಅಡುಗೆ ಮಾಡಿಕೊಂಡಿದ್ದವಳು. ಸಾಯುವ ಮುಂಚೆ ಅವಳು ಅವನನ್ನು ಹತ್ತಿರ ಕರೆದು, ನಾನು ನಿನ್ನನ್ನು ಹೆತ್ತವಳಲ್ಲ ಎಂದಳು. ನಲವತ್ತು ವರ್ಷದ ಹಿಂದೆ ಒಬ್ಬ ದಾರಿಹೋಕ ಹಸುಗೂಸನ್ನು ಎತ್ತಿಕೊಂಡು ಛತ್ರಕ್ಕೆ ಬಂದನಂತೆ. ಜ್ವರದಲ್ಲಿ ಅವನ ಮಾತು ನಿಂತುಹೋಗಿತ್ತಂತೆ. ಮಾರನೆಯ ದಿನ ತೀರಿಕೊಂಡನಂತೆ. ಅವನ ಗಂಟಿನಲ್ಲಿದ್ದದ್ದು ಒಂದೇ ಒಂದು ಹತಾರ. ಅದನ್ನು ಅವಳು ಅಟ್ಟದ ಮೇಲೆ ಇಟ್ಟಿದ್ದಳು.

ಅಡುಗೆಯವನು ಅದನ್ನು ಕೆಳಗಿಳಿಸಿದ. ಮೊಳದುದ್ದದ ಕಬ್ಬಿಣದ ಸಾಮಾನು. ತಿರುಗಿಸುವ ಹಿಡಿ, ಹಲ್ಲಿನ ಚಕ್ರಗಳು, ತುದಿಯಲ್ಲಿ ಮೂರು ಕೊಕ್ಕೆ. ಹಿಡಿ ತಿರುಗಿಸಿದರೆ ಕೊಕ್ಕೆಗಳು ತಿರುಗುತ್ತಿದ್ದವು. ಯಾತಕ್ಕೆಂದು ಅವನಿಗೆ ತಿಳಿಯಲಿಲ್ಲ. ಊರಿನವರನ್ನು ಕೇಳಿದ. ನೀರೆತ್ತುವುದು ಎಂದ ಒಬ್ಬ, ಬೆಣ್ಣೆ ಕಡೆಯುವುದು ಎಂದ ಇನ್ನೊಬ್ಬ. ಗೊತ್ತಿಲ್ಲ ಎನ್ನುವುದಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ಅಪ್ಪನ ಹೆಸರಂತೂ ಇನ್ನು ಸಿಗುವುದಿಲ್ಲ, ಅವನು ಯಾವ ಕೆಲಸದವನೆಂದು ತಿಳಿದರೂ ಸಾಕು ಎಂದು ಅಡುಗೆಯವನು ಹಂಬಲಿಸಿದ.

ಎರಡು ದಿನದ ದಾರಿಯಲ್ಲಿ ಒಂದು ಪೇಟೆ. ಅಲ್ಲಿ ಎಲ್ಲ ಕಸುಬಿನವರ ಹತಾರಗಳನ್ನೂ ಸರಿಮಾಡಿಕೊಡುವ ಒಬ್ಬ ಮುದುಕನಿದ್ದ. ಅವನ ಬಳಿಗೆ ಹೊರಡುವ ಮುನ್ನ ಅಡುಗೆಯವನು ಹತಾರವನ್ನೊಮ್ಮೆ ನೋಡಿದ. ಮೈಯೆಲ್ಲ ತುಕ್ಕು, ಕೊಳೆ. ಕರಿ ಹಿಡಿದ ಪಾತ್ರೆ ಕಂಡರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅಪ್ಪನ ವಸ್ತುವನ್ನು ಹೀಗೆ ಹೇಗೆ ಒಯ್ಯುವುದು? ಹುಣಸೆಹುಳಿ, ಬೂದಿ, ಇಟ್ಟಿಗೆಪುಡಿ ಹಾಕಿ ಇಡೀ ದಿನ ಉಜ್ಜಿದ. ಎಣ್ಣೆ ಸವರಿ, ಮಡಿಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಮುದುಕ ಹಿಡಿ ತಿರುಗಿಸಿದ ಕೂಡಲೇ ಹೇಳಿದ: "ಹುರಿ ಹೊಸೆಯೋ ಹತಾರ ಕಣಪ್ಪ ಇದು."

"ಹಾಗಾದ್ರೆ ನಮ್ಮಪ್ಪ ಏನು ಕೆಲಸ ಮಾಡ್ತಿದ್ದ ತಾತ?"

"ಹಗ್ಗದವರೂ ಇದನ್ನ ಇಟ್ಕೊಳ್ತಾರೆ, ಕಂಬಳಿಯವರೂ ಇಟ್ಕೊಳ್ತಾರೆ, ರೇಷ್ಮೆ ಗೊಂಡೆ ಕಟ್ಟೋರೂ ಇಟ್ಕೊಳ್ತಾರೆ. ಹಲ್ಲಿನ ಸಂದೀಲಿ ಏನಿತ್ತು? ನಾರೋ, ಉಣ್ಣೆಯೋ, ರೇಷ್ಮೆಯೋ?"

"ಕೊಳೆ ಇತ್ತು. ಒಂದು ಚೂರೂ ಬಿಡದ ಹಾಗೆ ಕಡ್ಡಿ ಹಾಕಿ ತೆಗೆದೆ."

"ಎಂಥ ಕೊಳೆ ಅಂತ ನೋಡಿದ್ಯಾ?"

"ಇಲ್ಲ. ಮೋರಿಗೆ ಚೆಲ್ಲಿದೆ."

ಮುದುಕ ಹತಾರವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟ. "ಕಬ್ಬಿಣ ಯಾವನೋ ಕಮ್ಮಾರಂದು. ನಿಮ್ಮಪ್ಪಂದು ಅಂತ ಇದ್ದದ್ದು ಆ ಕೊಳೆ ಒಂದೇ ಕಣಪ್ಪ" ಎಂದ. ಅಡುಗೆಯವನು ಅಂಗಡಿಯ ಮೆಟ್ಟಿಲ ಮೇಲೆಯೇ ಕುಳಿತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ರೇವಯ್ಯನಿಗೂ ದುಃಖವಾಯಿತು. "ಪಾಪ, ಅವನು ಮಾಡಿದ್ದೆಲ್ಲ ಭಕ್ತಿಯಿಂದಲೇ ಅಲ್ಲವೇ ಗುರುಗಳೇ?" ಎಂದ.

"ಹೌದು. ನೀನು ಪ್ರತಿ ಸಂಜೆ ಏನೇನು ಉಜ್ಜಿ ತೆಗೆದು ನನ್ನ ಮುಂದೆ ಬಂದು ಕೂರುತ್ತೀಯ?" ಎಂದರು ಗುರುಗಳು.