ಬೇಡ ಅನ್ನುವ ಅತ್ತೆ

“ಸರ್, ತಾಯಿ ಪತಂಗ ಮೊಟ್ಟೆಯೊಳಗೆ ಮರಿಗೆ ಆಹಾರ ಇಡುತ್ತದೆ, ಸರಿ. ಜೊತೆಗೆ ಈ ಚಿಕ್ಕ ಆರ್‌ಎನ್‌ಎಗಳನ್ನೂ ಯಾಕೆ ಇಡುತ್ತದೆ? ಇವುಗಳಿಂದ ಒಂದು ಪ್ರೋಟೀನೂ ಆಗುವುದಿಲ್ಲ. ಬೇರೆ ಜೀನುಗಳ ಬಾಯಿ ಮುಚ್ಚಿಸುವುದೊಂದೇ ಇವುಗಳ ಕೆಲಸ.”

ರೇಷ್ಮೆ ಹುಳುವಿನ ಮೇಲೆ ಸಂಶೋಧನೆ ಮಾಡುತ್ತಿದ್ದ ನಾಗವೇಣಿ ಹೀಗೆ ಕೇಳಿದಾಗ, ಅವಳ ಗುರುಗಳಾದ ಗಂಗಾಧರಯ್ಯನವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನು ಬೆಳೆಯುತ್ತಿದ್ದದ್ದು ಬಿತ್ತನೆ ಗೂಡು. ಅದರಿಂದ ನೂಲು ತೆಗೆಯುವುದಿಲ್ಲ, ಮೊಟ್ಟೆ ಕೇಂದ್ರದಲ್ಲಿ ಪತಂಗ ಬರಿಸಿ ಮೊಟ್ಟೆ ಇಡಿಸುತ್ತಾರೆ. ಸುತ್ತಲಿನ ಹಳ್ಳಿಗಳ ಮುಂದಿನ ಬೆಳೆ ಆ ಮೊಟ್ಟೆಗಳನ್ನೇ ನಂಬಿಕೊಂಡಿತ್ತು. ಮನೆಯವರೆಲ್ಲ ಮೈಮುರಿದು ದುಡಿಯುತ್ತಿದ್ದರು. ಅವನ ಸೋದರತ್ತೆ ಮಾತ್ರ ಹಿಪ್ಪುನೇರಳೆ ಸೊಪ್ಪು ಕೊಯ್ದವಳಲ್ಲ, ಹುಳು ಸಾಕುವ ತಟ್ಟೆ ಎತ್ತಿದವಳಲ್ಲ. ಸೊಪ್ಪು ಹಾಕುವ ಮುಂಚೆ ಬಂದು ತಟ್ಟೆಗಳ ಮೇಲೆ ಬಗ್ಗಿ ನೋಡುವಳು. ಹುಳುಗಳು ಪೊರೆ ಬಿಡಲು ತಲೆಯೆತ್ತಿ ಕೂತಿದ್ದರೆ “ಬೇಡ” ಅನ್ನುವಳು. ಪೊರೆ ಬಿಡುವುದಕ್ಕೆ ಆ ಕಡೆಯವರು ಜ್ವರ ಅನ್ನುತ್ತಾರೆ. ಕಟ್ಟಕಡೆಯ ಹುಳು ಜ್ವರದಿಂದ ಏಳುವ ತನಕ ಆ ತಟ್ಟೆಗೆ ಒಂದೆಲೆಯೂ ಬೀಳುವಂತಿಲ್ಲ. ಅಷ್ಟು ಹೇಳಿ ಅತ್ತೆ ಹೋಗಿ ಎಲೆಯಡಿಕೆ ಹಾಕಿಕೊಂಡು ಕೂರುವಳು.

ರೈತನಿಗೆ ಮೈಯೆಲ್ಲ ಉರಿಯುತ್ತಿತ್ತು. ಬೇಡ ಅನ್ನಲಿಕ್ಕೂ ಮನೆಯಲ್ಲಿ ಒಬ್ಬರು ಬೇಕೇ ಎಂದು, ಒಂದು ಬೆಳೆಯ ಹೊತ್ತಿಗೆ ಅವಳನ್ನು ಅವಳ ಮಗಳ ಮನೆಗೆ ಸಾಗಹಾಕಿದ.

ಆ ಸಲ ಜ್ವರಕ್ಕೆ ಕೂತ ಹುಳುಗಳನ್ನು ನೋಡಿ ಅವನ ಕರುಳು ಚುರುಕ್ಕೆಂದಿತು. ಪಾಪ, ಹಸಿದಾವು ಎಂದು, ಮೊದಲು ಎದ್ದ ನಾಲ್ಕು ಹುಳುಗಳಿಗಾಗಿ ತಟ್ಟೆ ತುಂಬ ಸೊಪ್ಪು ಹಾಕಿದ. ಎದ್ದವು ತಿಂದು ಬೆಳವಣಿಗೆಯಲ್ಲಿ ಮುಂದೆ ಹೋದವು, ಏಳದವು ಸೊಪ್ಪಿನಡಿಯಲ್ಲೇ ಹಿಂದುಳಿದವು. ಪ್ರತಿ ಜ್ವರದಲ್ಲೂ ಹೀಗೇ ಆಯಿತು. ಗೂಡೇನೋ ಕಟ್ಟಿದವು, ನೋಡಲು ಲಕ್ಷಣವಾಗಿಯೂ ಇದ್ದವು. ಆದರೆ ಒಂದು ಗೂಡು ಇವತ್ತು ಒಡೆದರೆ ಇನ್ನೊಂದು ನಾಲ್ಕು ದಿನ ಬಿಟ್ಟು ಒಡೆಯಿತು. ಗಂಡು ಪತಂಗಗಳು ಮೊದಲೇ ಬಂದು, ಕಾದು, ಸತ್ತವು. ಹೆಣ್ಣುಗಳು ಆಮೇಲೆ ಬಂದು ಜೋಡಿಯಿಲ್ಲದೆ ಮೊಟ್ಟೆಯಿಟ್ಟವು. ಅವುಗಳಲ್ಲಿ ಮರಿಯಾಗಲಿಲ್ಲ. ಇನ್ನೊಂದು ಬೆಳೆ ಹೀಗಾದರೆ ನಿನ್ನ ಗೂಡನ್ನು ಬಿತ್ತನೆಗೆ ತಗೊಳ್ಳುವುದಿಲ್ಲ ಎಂದು ಮೊಟ್ಟೆ ಕೇಂದ್ರದವರು ಹೇಳಿ ಕಳಿಸಿದರು.

ರೈತ ನಾಚಿಕೆ ನುಂಗಿಕೊಂಡು ಅತ್ತೆಯ ಮುಂದೆ ಹೋಗಿ ನಿಂತ.

“ನಾನ್ ಬಂದು ಏನ್ ಮಾಡ್ಲಪ್ಪ? ಒಂದು ತಟ್ಟೆ ಎತ್ತಕ್ಕೂ ತ್ರಾಣ ಇಲ್ಲ,” ಎಂದಳು ಅವಳು.

“ಎತ್ತೋ ಕೈ ಬೇಕಾದಷ್ಟವೆ ಅತ್ತೆ. ನಮ್ಮ ಕೈ ಹಿಡಿದು ನಿಲ್ಸೋರೇ ಇಲ್ಲ.”

ಅವಳು ಬಂದಳು. ಮುಂದಿನ ಬೆಳೆಯಲ್ಲಿ ಹುಳುಗಳೆಲ್ಲ ಒಟ್ಟಿಗೆ ಎದ್ದವು, ಗೂಡುಗಳೂ ಒಟ್ಟಿಗೆ ಒಡೆದವು. ಹಳ್ಳಿಹಳ್ಳಿಗೂ ಮೊಟ್ಟೆ ಹೋಯಿತು. ಏನೂ ಮಾಡದೆ ಇಷ್ಟೆಲ್ಲ ಮಾಡಿಸಿದ ಮುದುಕಿಯನ್ನು ನೋಡಿ ರೈತ ಬೆರಗಾದ. ಅಂದಿನಿಂದ ಅವಳು ಬೇಡ ಅಂದರೆ ಅವನು ಎರಡು ಮಾತಾಡದೆ ಸೊಪ್ಪಿನ ಬುಟ್ಟಿ ಕೆಳಗಿಡುತ್ತಿದ್ದ.

ಕತೆ ಮುಗಿಯಿತು. ಹಾಗಾದರೆ ಮರಿಗೆ ಆಹಾರಕ್ಕಿಂತ ಈ ಆರ್‌ಎನ್‌ಎಗಳೇ ಹೆಚ್ಚೇ ಎಂದು ನಾಗವೇಣಿ ಕೇಳಿದಳು. ಗುರುಗಳು ಹೇಳಿದರು:

“ಬುತ್ತಿ ಯಾರಾದರೂ ಕಟ್ಟಿಕೊಟ್ಟಾರಮ್ಮ, ಬೇಡ ಅನ್ನುವವರನ್ನೂ ಜೊತೆಮಾಡಿ ಕಳಿಸಲು ತಾಯಿಯೇ ಆಗಬೇಕು.”