ಶುಕ್ರವಾರದ ಒಲೆ

ಬ್ಯಾಲದಕುಂಟೆಗೆ ಬರುವ ಬಸ್ಸು ಊರು ಇನ್ನೊಂದು ಕೂಗಳತೆ ಇದೆ ಎನ್ನುವಾಗಲೇ ಒಂದು ಕಡೆ ನಿಲ್ಲುತ್ತದೆ. ಕಂಡಕ್ಟರು “ಶುಕ್ರವಾರದ ಒಲೆ, ಯಾರ್ರೀ ಇಳಿಯೋರು?” ಎಂದು ಕೂಗುತ್ತಾನೆ. ಹೊಸಬರು ನಗುತ್ತಾರೆ. ಒಲೆಗೂ ಒಂದು ಸ್ಟಾಪೇ ಎನ್ನುತ್ತಾರೆ. ಇಳಿದು ನೋಡಿದರೆ ಒಂದು ಸಣ್ಣ ದಿಬ್ಬ. ದಿಬ್ಬದ ಮೇಲೆ ಒಂದು ಬಂಡೆ ಮುಂದಕ್ಕೆ ಚಾಚಿಕೊಂಡಿದೆ. ಅದರ ಕೆಳಗೆ ಹದಿನೈದು ಜನ ಆರಾಮಾಗಿ ಕೂರಬಹುದು. ಬಂಡೆಯ ಒಳಮೈ ಹೊಗೆ ಹಿಡಿದು ಕಪ್ಪಾಗಿದೆ. ನೆಲದಲ್ಲಿ ಮೂರು ಗುಂಡುಕಲ್ಲು, ನಡುವೆ ಬೂದಿ. ಪಂಚಾಯಿತಿಯವರು ಸುತ್ತ ಚಪ್ಪಡಿ ಹಾಸಿಸಿದ್ದಾರೆ. ಶುಕ್ರವಾರ ಮೂರು ಗಂಟೆಯ ಮೇಲೆ ಅಲ್ಲಿ ಜನ ಸೇರುತ್ತಾರೆ. ಆಶಾ ಕಾರ್ಯಕರ್ತೆ ಬಂದು ವಯಸ್ಸಾದವರ ಬಿ.ಪಿ. ನೋಡುತ್ತಾಳೆ. ಗ್ರಂಥಾಲಯದ ಮೇಡಂ ವೃದ್ಧಾಪ್ಯ ವೇತನ, ವಿಧವಾ ವೇತನದ ಅರ್ಜಿ ಬರೆದುಕೊಡುತ್ತಾರೆ. ಸಂಘದ ಹೆಂಗಸರ ದೊಡ್ಡ ಪಾತ್ರೆ, ಜಮಖಾನ ಯಾರಿಗೆ ಬೇಕು ಎನ್ನುವುದು ಅಲ್ಲೇ ತೀರ್ಮಾನ. ಯಾರ ಮನೆಯಲ್ಲಿ ಹುಷಾರಿಲ್ಲ, ಆಸ್ಪತ್ರೆಗೆ ಯಾರ ಜೊತೆ ಯಾರು ಹೋಗಬೇಕು, ಅದೂ ಅಲ್ಲೇ. ಅದು ಗುಡಿಯಲ್ಲ, ಆಫೀಸೂ ಅಲ್ಲ. ಒಲೆ, ಅಷ್ಟೆ. ಈ ಹೆಸರು ಹೇಗೆ ಬಂತು ಎಂದು ಬರೆದುಕೊಡಿ, ಗ್ರಂಥಾಲಯದಲ್ಲಿ ಇಡುತ್ತೇವೆ ಎಂದು ಮೇಡಂ ಕೇಳಿದರು. ನಾನು ಓದಿದ್ದು ನಾಲ್ಕನೆಯ ಕ್ಲಾಸು. ಗೊತ್ತಿರುವಷ್ಟು ಬರೆಯುತ್ತೇನೆ.

ಹಿಂದೆ ಒಮ್ಮೆ ಈ ಊರಿನಲ್ಲಿ ಹನ್ನೆರಡೇ ಮನೆ ಇದ್ದವು ಎನ್ನುತ್ತಾರೆ. ಬೆಂಕಿಪೊಟ್ಟಣ ಬರುವುದಕ್ಕೆ ಎಷ್ಟೋ ಕಾಲ ಮುಂಚಿನ ಮಾತು. ಒಲೆ ಆರಿದರೆ ಪಕ್ಕದ ಮನೆಗೆ ಹೋಗಿ ಕೆಂಡ ತರಬೇಕು. ಒಡೆದ ಮಡಕೆಯ ಬೋಕಿ ಹಿಡಿದು ಹೋದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಕೆಂಡ ಕೊಡುತ್ತಿದ್ದರು. ಮುಖ ನೋಡದೆ ಕೊಡುತ್ತಿದ್ದರು, ಆ ಮಾತು ಬೇರೆ. ಆದರೆ ಒಂದು ಕಟ್ಟುಪಾಡು ಇತ್ತು. ಶುಕ್ರವಾರ ದೀಪ ಹಚ್ಚಿದ ಮೇಲೆ ಮನೆಯ ಬೆಂಕಿ ಹೊಸಿಲು ದಾಟಬಾರದು. ದಾಟಿದರೆ ಬೆಂಕಿಯ ಜೊತೆಗೆ ಲಕ್ಷ್ಮಿಯೂ ಹೋಗುತ್ತಾಳೆ. ಆಮೇಲೆ ಆ ಮನೆಯಲ್ಲಿ ದನ ನಿಲ್ಲುವುದಿಲ್ಲ, ಕಾಳು ನಿಲ್ಲುವುದಿಲ್ಲ, ಮಕ್ಕಳು ಸಹ ನಿಲ್ಲುವುದಿಲ್ಲ. ಇದನ್ನು ಯಾರು ಹೇಳಿದರೋ ಗೊತ್ತಿಲ್ಲ. ಎಲ್ಲರೂ ನಂಬಿದ್ದರು. ವಾರಕ್ಕೆ ಒಂದು ಸಂಜೆ, ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಆ ಕಾಲದಲ್ಲಿ ಮೇದರ ಗವಿಯಪ್ಪ ಎಂಬುವನು ಹೆಂಡತಿ ದುಗ್ಗಮ್ಮನನ್ನು ಕರೆದುಕೊಂಡು ಎಲ್ಲಿಂದಲೋ ಬಂದು ಈ ದಿಬ್ಬದ ಬುಡದಲ್ಲಿ ಗುಡಿಸಲು ಹಾಕಿದ. ಹತ್ತಿರದ ಗುಡ್ಡದಲ್ಲಿ ಬಿದಿರು ಸಿಗುತ್ತಿತ್ತು. ಮೊರ, ಮಂಕರಿ, ಕುಕ್ಕೆ ಹೆಣೆದು ಮಾರುತ್ತಿದ್ದರು. ಊರಿನ ಹೆಂಗಸರಿಗೆ ದುಗ್ಗಮ್ಮನ ಮೊರ ಎಂದರೆ ಇಷ್ಟ. ಅವಳು ಬಸುರಿಯಾದಾಗ ಬಯಕೆ ಏನು ಎಂದು ಕೇಳಿ ಮಾಡಿಕೊಟ್ಟರು. ಅವಳಿಗೆ ತವರು ಇರಲಿಲ್ಲ. ಹೆರಿಗೆ ಗುಡಿಸಲಲ್ಲೇ ಆಯಿತು. ಹೆಣ್ಣು ಮಗು. ಊರಿನವರು ದಿನಕ್ಕೊಬ್ಬರು ಬಂದು ನೀರು ಕಾಯಿಸಿ ಎರೆದು ಹೋಗುತ್ತಿದ್ದರು. ಅದು ಮಾಗಿಯ ಚಳಿಗಾಲ. ಒಂಬತ್ತನೆಯ ದಿನ ಶುಕ್ರವಾರ ಬಂತು. ಹಿಂದಿನ ದಿನದಿಂದ ಹೊತ್ತಲ್ಲದ ಹೊತ್ತಿನಲ್ಲಿ ಜಡಿಮಳೆ ಹಿಡಿದಿತ್ತು. ಗವಿಯಪ್ಪ ಬೆಳಗ್ಗೆ ಬಿದಿರಿಗೆ ಹೋದವನು ತಿರುಗಿ ಬಂದಾಗ ದೀಪ ಹಚ್ಚುವ ಹೊತ್ತು. ಗುಡಿಸಲಿನ ಸೂರು ಸೋರಿ ಒಲೆ ಆರಿ ಕೆಸರಾಗಿತ್ತು. ಮಂಚದ ಕೆಳಗೆ ಕೆಂಡ ಇಟ್ಟಿದ್ದ ಮಡಕೆಯೂ ಆರಿತ್ತು. ದುಗ್ಗಮ್ಮ ನಡುಗುತ್ತಿದ್ದಳು. ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಮಗುವನ್ನು ಸೆರಗಿನೊಳಗೆ ಎದೆಗೆ ಒತ್ತಿಕೊಂಡಿದ್ದಳು. “ನನಗೇನಿಲ್ಲ, ಇದರ ಕಾಲು ಮುಟ್ಟಿ ನೋಡು” ಎಂದಳು. ಅವನು ಮಗುವಿನ ಕಾಲು ಮುಟ್ಟಲಿಲ್ಲ. ಅವಳ ಕೈ ಮುಟ್ಟಿದ. ಅದು ಕೆರೆಯ ಕಲ್ಲಿನ ಹಾಗೆ ತಣ್ಣಗಿತ್ತು. ಚಕಮಕಿ ಕುಟ್ಟಿದ. ಹತ್ತಿ ನೆನೆದಿತ್ತು, ಕಿಡಿ ಹತ್ತಲಿಲ್ಲ. ಬೋಕಿ ತೆಗೆದುಕೊಂಡು ಊರಿಗೆ ಓಡಿದ.

ಮೊದಲು ಪಟೇಲರ ಮನೆ. ಸೊಸೆ ಬಾಗಿಲಲ್ಲೇ ಇದ್ದಳು. “ಅಯ್ಯೋ, ಈಗ ತಾನೇ ದೀಪ ಹಚ್ಚಿದ್ನಲ್ಲಪ್ಪಾ! ಒಂದು ಗಳಿಗೆ ಮುಂಚೆ ಬಂದಿದ್ರೆ ಕೊಡ್ತಿರ್ಲಿಲ್ವ?” ಎಂದಳು. ಅವಳ ಕಣ್ಣಲ್ಲಿ ನೀರೇ ಬಂತು. ಒಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದು ಕೊಟ್ಟಳು. ಎರಡನೆಯ ಮನೆಯವರು ಕಂಬಳಿ ಕೊಟ್ಟರು. ಒಣಗಿದ ಕಂಬಳಿ, ಮನೆಗೆ ಇದ್ದದ್ದು ಎರಡೇ. ಮೂರನೆಯ ಮನೆಯ ಅಜ್ಜಿ ಬೈದಳು. “ಹಸೀ ಬಾಣಂತೀನ ಬಿಟ್ಟು ಬಿದಿರು ಕಡಿಯಕ್ಕೆ ಹೋಗಿದ್ಯಾ? ನಿನಗೆ ಹೆಣ್ಣು ಕೊಟ್ಟೋರ ಬುದ್ಧಿಗೆ ಇಷ್ಟು ಹಾಕ!” ಬೈಯುತ್ತಲೇ ಹರಳೆಣ್ಣೆ ಕುಡಿಕೆ ಕೈಗಿಟ್ಟಳು. ಇನ್ನೊಂದು ಮನೆಯಲ್ಲಿ ಶುಂಠಿ, ಮೆಣಸು. ಮತ್ತೊಂದು ಮನೆಯಲ್ಲಿ ಬೆಳ್ಳುಳ್ಳಿ, ಹಳೆಯ ಮೆತ್ತನೆ ಸೀರೆ. “ಮುಂದಿನ ಮನೇಲಿ ಇನ್ನೂ ಹಚ್ಚಿರಾಕಿಲ್ಲ, ಓಡಪ್ಪಾ ಓಡು” ಎಂದು ಎಲ್ಲರೂ ಹೇಳಿದರು. ಓಡಿದರೆ ಅಲ್ಲಿ ಬತ್ತಿಗೆ ಬೆಂಕಿ ತಾಗಿಸುತ್ತಿದ್ದರು. ಎಲ್ಲರಿಗೂ ಮುಂದಿನ ಮನೆಯವರು ಕೊಟ್ಟಾರು ಎಂದು ಧೈರ್ಯ. ದಾರಿಯಲ್ಲಿ ಜಗಲಿಯ ಮೇಲೆ ಕೂತಿದ್ದ ಒಬ್ಬ ಗೌಡ ಅವನ ಕಂಕುಳು, ಹೆಗಲು, ಮಡಿಲು ನೋಡಿ ನಕ್ಕ.

“ಏನ್ಲಾ ಮೇದರವ್ನೆ, ಊರೇ ಕೊಳ್ಳೆ ಹೊಡ್ಕಂಡು ಹೊಂಟಂಗೈತೆ?”

“ಎಲ್ಲಾ ಕೊಟ್ರು ಗೌಡ್ರೆ” ಎಂದ ಗವಿಯಪ್ಪ. “ಕೆಂಡ ಒಂದ್ ಬಿಟ್ಟು.”

ಗೌಡನ ನಗು ನಿಂತಿತು. ಅವನೂ ಎದ್ದು ಒಳಗೆ ಹೋದ. ತಂದದ್ದು ಒಂದು ಸೇರು ಅಕ್ಕಿ.

ಹನ್ನೆರಡನೆಯ ಮನೆ ಜುಂಜಕ್ಕನದು. ಗಂಡ ಸತ್ತವಳು, ಒಬ್ಬಳೇ ಇದ್ದಳು. ಆದರೆ ಬಡವಳಲ್ಲ. ಮೂರು ಹಸು, ಒಂದು ಹಗೇವು ತುಂಬ ರಾಗಿ. ಗಂಡ ಹೋದ ಮೇಲೆ ಒಂಟಿಯಾಗಿ ದುಡಿದು ಉಳಿಸಿಕೊಂಡದ್ದು. ಅದು ಹೋಗಿಬಿಟ್ಟರೆ ಮುದಿ ಕಾಲಕ್ಕೆ ಯಾರ ಬಾಗಿಲಿಗೆ ಹೋಗಲಿ ಎನ್ನುವ ಭಯ ಅವಳಿಗೆ ಉಳಿದವರಿಗಿಂತ ಹೆಚ್ಚೇ ಇತ್ತು. ಅವಳೂ ಇಲ್ಲ ಎಂದಳು. “ದೀಪ ಹಚ್ಚಿ ಆಯ್ತು ಕಣಪ್ಪ” ಎಂದು ಒಂದು ಗಿಂಡಿ ಹಾಲು ಕೊಟ್ಟು ಬಾಗಿಲು ಮುಚ್ಚಿದಳು. ಗವಿಯಪ್ಪ ಅಲ್ಲಿ ಒಂದು ಗಳಿಗೆ ನಿಂತಿದ್ದನಂತೆ. ಮುಂದೆ ಮನೆ ಇರಲಿಲ್ಲ. ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಎರಡು ಕೈ ತುಂಬ ಊರಿನ ಪ್ರೀತಿ ಹೊತ್ತು, ಬರೀ ಬೋಕಿ ಕಂಕುಳಲ್ಲಿ ಇರುಕಿಕೊಂಡು ಮಳೆಯಲ್ಲಿ ತಿರುಗಿ ಹೋದ.

ಜುಂಜಕ್ಕ ಉಣ್ಣಲು ಕೂತಳು. ಗಂಗಳದಲ್ಲಿ ಬಿಸಿ ಮುದ್ದೆ. ಹಬೆ ಏಳುತ್ತಿತ್ತು. ಮುರಿಯಲು ಕೈ ಹಾಕಿದಳು, ಬಿಸಿ ತಾಗಿತು. ಕೈ ಹಿಂದಕ್ಕೆ ತೆಗೆದಳು. ಇನ್ನೊಂದು ಸಲ ಹಾಕಿದಳು, ಇನ್ನೊಂದು ಸಲ ತೆಗೆದಳು. ಆ ಬಿಸಿಯನ್ನು ಅವಳಿಗೆ ಮುಟ್ಟಲು ಆಗಲಿಲ್ಲ ಎನ್ನುತ್ತಾರೆ. ಗಂಗಳ ಹಾಗೇ ಬಿಟ್ಟು ಎದ್ದಳು. ಒಲೆಯ ಕೆಂಡವನ್ನೆಲ್ಲ ಬಾಣಲೆಗೆ ಬಳಿದುಕೊಂಡಳು, ಮೇಲೆ ಒಂದು ಓಡು ಮುಚ್ಚಿದಳು. ಎಡಗೈಯಲ್ಲಿ ದೇವರ ಮುಂದಿನ ದೀಪ ಎತ್ತಿಕೊಂಡು ಹೊಸಿಲ ಹತ್ತಿರ ನಿಂತಳು. ಕಾಲು ಮುಂದೆ ಬರಲಿಲ್ಲ. ಒಳಗೆ ತಿರುಗಿ ಹೀಗೆ ಹೇಳಿದಳಂತೆ: “ತಾಯಿ, ನೀನು ಹೋಗೋದೇ ಆದ್ರೆ ಒಬ್ಬಳೇ ಹೋಗ್ಬೇಡ. ನನ್ನ ಜೊತೇಲಿ ಬಾ. ಕತ್ತಲಾಗೈತೆ, ದಾರಿ ಕಾಣ್ಲಿ ಅಂತ ದೀಪ ಹಿಡ್ಕಂಡಿವ್ನಿ.” ಹೊಸಿಲು ದಾಟಿದಳು. ಸೆರಗು ದೀಪಕ್ಕೆ ಅಡ್ಡ ಇಳಿಬಿಟ್ಟು ಊರ ನಡುವೆಯೇ ನಡೆದಳು. ಹನ್ನೊಂದು ಮನೆಯವರೂ ನೋಡಿದರು.

ಗುಡಿಸಲಲ್ಲಿ ಒಲೆ ಹೂಡಲು ಒಣ ಜಾಗ ಇರಲಿಲ್ಲ. ಜುಂಜಕ್ಕ ದಿಬ್ಬದ ಮೇಲಿನ ಬಂಡೆ ತೋರಿಸಿದಳು. ಗವಿಯಪ್ಪ ಹೆಂಡತಿಯನ್ನೂ ಮಗುವನ್ನೂ ಕಂಬಳಿ ಸುತ್ತಿ ಎತ್ತಿಕೊಂಡು ಬಂದ. ಮೂರು ಕಲ್ಲು ಇಟ್ಟರು. ಒಣ ಬಿದಿರಿನ ಸಿಬಿರು ಬಂಡೆಯ ಸಂದಿನಲ್ಲಿತ್ತು. ಕೆಂಡಕ್ಕೆ ಹಾಕಿ ಊದಿದರು. ಆದರೆ ಬಾಣಲೆಯ ಕೆಂಡ ಮುಕ್ಕಾಲು ಪಾಲು ದಾರಿಯಲ್ಲೇ ಬೂದಿಯಾಗಿತ್ತು. ಉರಿ ಎದ್ದಿತು, ಬಿತ್ತು. ದುಗ್ಗಮ್ಮನ ನಡುಕ ನಿಂತಿತ್ತು. ಅದು ಒಳ್ಳೆಯದಲ್ಲ ಎಂದು ಜುಂಜಕ್ಕನಿಗೆ ಗೊತ್ತಿತ್ತು. ಕೆನ್ನೆಗೆ ಹೊಡೆದು “ಏಳಮ್ಮಿ, ಮಲಗಬೇಡ. ನಿನ್ನ ಮೊರಕ್ಕೆ ನಾನು ಇನ್ನೂ ರಾಗಿ ಕೊಟ್ಟಿಲ್ಲ, ಜಗಳ ಆಡು ಏಳು” ಎಂದಳು. ಆಗ ದಿಬ್ಬ ಹತ್ತುತ್ತ ಯಾರೋ ಬರುವುದು ಕಂಡಿತು. ಪಟೇಲರ ಸೊಸೆ. ಕೈಯಲ್ಲಿ ಬೋಕಿ, ಅದರ ತುಂಬ ಕೆಂಪನೆ ಕೆಂಡ.

“ಏನವ್ವಾ, ನಿಮ್ಮನೆ ಲಕ್ಷ್ಮಿ?” ಎಂದಳು ಜುಂಜಕ್ಕ.

“ನಿಮ್ಮನೇದು ಬಂದ ಮೇಲೆ ನಮ್ಮನೇದು ಒಂದೇ ಕೂತು ಏನು ಮಾಡ್ಬೇಕು ಜುಂಜಕ್ಕಾ” ಎಂದಳು ಅವಳು.

ಅವಳ ಹಿಂದೆ ಕಂಬಳಿ ಕೊಟ್ಟ ಮನೆಯವರು ಬಂದರು. ಬೈದ ಅಜ್ಜಿ ಬಂದಳು, ಬೈಯುತ್ತಲೇ ಬಂದಳು. ಗೌಡ ಸೌದೆ ಹೊತ್ತು ತಂದ. ಹನ್ನೆರಡು ಮನೆಯ ಬೆಂಕಿ ಮೂರು ಕಲ್ಲಿನ ನಡುವೆ ಬಿತ್ತು. ಉರಿ ಬಂಡೆಯನ್ನು ಮುಟ್ಟಿತು. ಬಂಡೆ ಕಾದಿತು. ಕಾದ ಬಂಡೆಗೆ ದುಗ್ಗಮ್ಮನನ್ನು ಒರಗಿಸಿ ಅಂಗಾಲಿಗೆ ಹರಳೆಣ್ಣೆ ತಿಕ್ಕಿದರು. ಮೆಣಸು ಬೆಲ್ಲ ಕುದಿಸಿ ಹನಿ ಹನಿಯಾಗಿ ಕುಡಿಸಿದರು. ಗವಿಯಪ್ಪ ಮನೆ ಮನೆಯಿಂದ ತಂದದ್ದೆಲ್ಲ ಆಗ ಉಪಯೋಗಕ್ಕೆ ಬಂತು. ಯಾರೋ ಒಬ್ಬರು ಮೆಲ್ಲಗೆ, ನಾಳೆ ನಮ್ಮ ಮನೆಗಳ ಗತಿ ಏನು ಎಂದು ಕೇಳಿದರಂತೆ. ಜುಂಜಕ್ಕ ಉರಿಯ ಕಡೆ ತೋರಿಸಿ, “ಹನ್ನೆರಡು ಮನೆ ಲಕ್ಷ್ಮೀರೂ ಇಲ್ಲೇ ಒಂದಾಗಿ ಕೂತವ್ರೆ. ಇಂಥ ಬೆಚ್ಚನೆ ಜಾಗ ಬಿಟ್ಟು ಇನ್ನೆಲ್ಲಿಗೆ ಹೋಗ್ತಾರೆ?” ಎಂದಳು. ಬೆಳಕು ಹರಿಯುವ ಹೊತ್ತಿಗೆ ದುಗ್ಗಮ್ಮ ಕಣ್ಣು ಬಿಟ್ಟಳು. ಮಗು ಎಲ್ಲಿ ಎಂದಳು. ಮಗು ಅಜ್ಜಿಯ ಮಡಿಲಲ್ಲಿ ಮಲಗಿತ್ತು.

ಅಂದಿನಿಂದ ಶುಕ್ರವಾರ ದೀಪ ಹಚ್ಚುವುದಕ್ಕೆ ಮುಂಚೆ ಮನೆಯ ಬೆಂಕಿಯನ್ನು ದಿಬ್ಬಕ್ಕೆ ತಂದು ಸೇರಿಸುವುದು ಊರಿನ ಪದ್ಧತಿಯಾಯಿತು. ಮನೆಯಲ್ಲಿ ಕೊಡದ ಹೊತ್ತಿನಲ್ಲಿ ಅಲ್ಲಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಯಾಕೆ ಎಂದು ಕೇಳುವಂತಿಲ್ಲ. ಅದಕ್ಕೇ ಶುಕ್ರವಾರದ ಒಲೆ ಎಂಬ ಹೆಸರು ಬಂತು.

ಇದರಲ್ಲಿ ಒಂದು ಮಾತು ಹೇಳಬೇಕು. ದುಗ್ಗಮ್ಮ ಉಳಿಯಲಿಲ್ಲ, ಬೆಳಗಿನ ಜಾವ ಹೋದಳು, ಮಗು ಮಾತ್ರ ಉಳಿಯಿತು ಎಂದು ಹೇಳುವವರೂ ಇದ್ದಾರೆ. ನಮ್ಮ ಅಪ್ಪ ಹಾಗೆ ಹೇಳುತ್ತಿದ್ದ. ನಾನೂ ನಲವತ್ತು ವರ್ಷ ಹಾಗೇ ಹೇಳಿದೆ. ನಮ್ಮ ಮನೆಯವಳು ಸಣ್ಣಲಿಂಗಮ್ಮ ಒಪ್ಪುತ್ತಿರಲಿಲ್ಲ. ಒಬ್ಬರು ಸಾಯದೆ ಊರಿಗೆ ಬುದ್ಧಿ ಬರುತ್ತದೆಯೇ ಎಂದು ನಾನು ಕೇಳುತ್ತಿದ್ದೆ. “ಸತ್ತಿದ್ರೆ ನಾಚಿಕೆಗೆ ಒಂದು ಕಲ್ಲು ನೆಟ್ಟು ಸುಮ್ಕಾಗೋರು. ಉಳಿದಳಲ್ಲ, ಅದ್ಕೇ ವಾರ ವಾರ ಹಚ್ಚಿದ್ರು. ಹಚ್ಚಿದ್ರೆ ಉಳೀತಾರೆ ಅಂತ ಗೊತ್ತಾಯ್ತಲ್ಲ” ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಅವಳು ಈ ಯುಗಾದಿಗೆ ಮುಂಚೆ ತೀರಿಕೊಂಡಳು. ಬರೆಯಲು ಕೂತಾಗ ಕೈ ಅವಳು ಹೇಳಿದ ಹಾಗೇ ಬರೆಯಿತು. ಅಪ್ಪನದು ಸುಳ್ಳು ಎನ್ನುವುದಿಲ್ಲ. ಎರಡೂ ಇರಲಿ. ಗ್ರಂಥಾಲಯದಲ್ಲಿ ಇದು ಇರಲಿ.

ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆ. ಕೆಂಡ ಯಾರಿಗೂ ಬೇಕಿಲ್ಲ. ಆದರೂ ಬಾಣಂತಿಯ ಮೊದಲ ನೀರಿಗೆ ಬೆಂಕಿ ಅಲ್ಲಿಂದಲೇ. ಸಾವಾಗಿ ಒಲೆ ಹಚ್ಚದೆ ಬಿಟ್ಟ ಮನೆಗೂ ಮೊದಲ ಬೆಂಕಿ ಅಲ್ಲಿಂದಲೇ. ನಮ್ಮ ಮನೆಗೆ ಪಕ್ಕದ ಮನೆಯ ಇಬ್ಬರು ಹುಡುಗಿಯರು ತಂದರು. “ಗ್ಯಾಸ್ ಐತಲ್ಲಮ್ಮ” ಎಂದೆ. “ಗ್ಯಾಸು ನಾಳೆ ಹಚ್ಕಳಿ ಮಾವ, ಇವತ್ತು ಇದು” ಎಂದು ಹಿತ್ತಿಲಲ್ಲಿ ಎರಡು ಇಟ್ಟಿಗೆ ಇಟ್ಟು ಕಾಫಿ ಕಾಯಿಸಿದರು. ಮೂರು ಜನವೂ ಕುಡಿದೆವು.

ನೋಡಲು ಬರುವವರು ಶುಕ್ರವಾರ ಐದು ಗಂಟೆಯ ಬಸ್ಸಿಗೆ ಬಂದರೆ ಚೆನ್ನ. ಬಂಡೆಯ ಕೆಳಗೆ ಜನ ಕೂತಿರುತ್ತಾರೆ. ಬಿ.ಪಿ. ನೋಡಿಸಿಕೊಂಡವರು, ಅರ್ಜಿ ಬರೆಸಿದವರು, ಸುಮ್ಮನೆ ಬಂದವರು. ಆರಕ್ಕೆ ಒಲೆ ಹಚ್ಚುತ್ತಾರೆ. ಹಚ್ಚುವುದು ಮನೆಗೊಂದು ವಾರ ಸರದಿ. ಬರುವ ಶುಕ್ರವಾರ ನಮ್ಮ ಮನೆಯದು. ಇಷ್ಟು ವರ್ಷ ಅವಳೇ ಹೋಗುತ್ತಿದ್ದಳು, ನನಗೆ ಒಲೆ ಹಚ್ಚಿ ಅಭ್ಯಾಸವಿಲ್ಲ. ಸೌದೆಯೂ ಸ್ವಲ್ಪ ಹಸಿ ಇದೆ. ಹತ್ತುವುದು ತಡವಾಗಬಹುದು. ಕೂತಿರಿ.