ಕಲ್ಲವ್ವ ಬೆಳೆದ ರಾಣಿಯ ಹೂವು

ಯಾವುದೋ ಕಾಲ, ಯಾವುದೋ ಸೀಮೆ, ಅಲ್ಲೊಂದು ಊರು, ಊರಿಗೊಬ್ಬ ರಾಜ. ಒಂದು ದಿನ ಆ ರಾಜ್ಯಕ್ಕೆ ಘೋರ ವಿಪತ್ತು ಬಂದಿತಂತೆ. ರಾಜ ಊಟ ಮುಗಿಸಿ ಆಕಳಿಸಿದ. ಪಕ್ಕದಲ್ಲಿದ್ದ ರಾಣಿ ಮೂಗು ಮುಚ್ಚಿಕೊಂಡು ಮುಖ ಆಚೆ ತಿರುಗಿಸಿದಳು. ಅರಮನೆಯ ಗಂಟೆ ಬಾರಿಸಿದರು. ಕೋಟೆಯ ಬಾಗಿಲು ಹಾಕಿದರು. ಮಂತ್ರಿಗಳನ್ನು ಎಲೆ ಮುಂದಿನಿಂದ ಎಬ್ಬಿಸಿ ಕರೆತಂದರು. ಬಹಳ ಹೊತ್ತು ವಿಚಾರಣೆ ನಡೆದು, ತಪ್ಪು ರಾಜನದಲ್ಲ, ರಾಣಿಯದೂ ಅಲ್ಲ, ರಾಜ ರೊಟ್ಟಿಯ ಜೊತೆ ತಿಂದ ಬೆಳ್ಳುಳ್ಳಿ ಚಟ್ನಿಯದು ಎಂದು ತೀರ್ಮಾನವಾಯಿತು. ಸಂಜೆಯೊಳಗೆ ಡಂಗುರ ಬಿತ್ತು: ಇನ್ನು ಈ ರಾಜ್ಯದಲ್ಲಿ ಯಾರೂ ಬೆಳ್ಳುಳ್ಳಿ ಬೆಳೆಯಬಾರದು, ಮಾರಬಾರದು, ತಿನ್ನಬಾರದು. ಬೆಳೆದವರ ತಲೆ ಬೋಳಿಸಿ ಕತ್ತೆಯ ಮೇಲೆ ಮೆರೆಸಲಾಗುವುದು.

ಮುಂದಿನ ತಿಂಗಳು ರಾಣಿ ಬಸುರಿ ಎಂಬ ಸುದ್ದಿ ಹೊರಬಿತ್ತು. ಊರಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾಕರಿಕೆ ಬಂದವಳು ಮುಖ ತಿರುಗಿಸದೆ ಇನ್ನೇನು ಮಾಡುತ್ತಾಳೆ? ಆದರೆ ಮಂತ್ರಿಗಳಲ್ಲಿ ಬಸುರಾದವರು ಯಾರೂ ಇರಲಿಲ್ಲ. ಆಮೇಲೆ ಅವರಿಗೂ ಹೊಳೆಯಿತಂತೆ. ಅಷ್ಟರಲ್ಲಿ ಆಜ್ಞೆಯನ್ನು ಕಲ್ಲಿನಲ್ಲಿ ಕೆತ್ತಿಸಿಯಾಗಿತ್ತು. ಕಲ್ಲು ಚೆನ್ನಾಗಿಯೂ ಬಂದಿತ್ತು.

ಆ ಊರಲ್ಲಿ ಕಲ್ಲವ್ವ ಎಂಬ ಒಂಟಿ ಹೆಂಗಸು. ಒಬ್ಬಳೇ ಮಗಳು ಪಾರವ್ವನನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದಳು. ಅವಳಿಗೂ ಆಗಲೇ ಚೊಚ್ಚಲ ಬಸುರು. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ತವರಿಗೆ ಕರೆತರಬೇಕು, ಬಾಣಂತನ ಮಾಡಬೇಕು. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ ತಿನ್ನದ ಬಾಣಂತಿಗೆ ಹಾಲು ಇಳಿಯುವುದಿಲ್ಲ ಎಂದು ಆ ಸೀಮೆಯ ನಂಬಿಕೆ. ಡಂಗುರ ಬಿದ್ದ ಮೇಲೆ ಪಕ್ಕದ ಮನೆಯಲ್ಲೊಂದು ಹೆರಿಗೆಯಾಗಿ, ಆ ಕೂಸು ಹಸಿದು ಅಳುವುದನ್ನು ಕಲ್ಲವ್ವ ಗೋಡೆಯ ಈಚೆಯಿಂದ ದಿನವೂ ಕೇಳಿದ್ದಳು. ತನ್ನ ಮೊಮ್ಮಗು ಹಾಗೆ ಅಳಬಾರದು ಎಂದು ಅವಳು ಅಂದೇ ಗಟ್ಟಿ ಮಾಡಿಕೊಂಡಳು.

ರಾಜನ ಆಳುಗಳು ಮನೆಮನೆ ಹೊಕ್ಕು ಬೆಳ್ಳುಳ್ಳಿಯನ್ನೆಲ್ಲ ಹೊಳೆಗೆ ಸುರಿದಿದ್ದರು. ಸಗಣಿ ಕುಳ್ಳಿನ ಒಟ್ಟಿಲಿನೊಳಗೆ ಕಲ್ಲವ್ವ ಬಚ್ಚಿಟ್ಟ ಒಂದು ಗೊಂಚಲು ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮಳೆ ಹಿಂದಾದ ಮೇಲೆ ಅವಳು ಹಿತ್ತಲು ಅಗೆದು, ಹಟ್ಟಿಯ ಗೊಬ್ಬರ ಬೆರೆಸಿ, ಮಡಿ ಮಾಡಿದಳು. ಗಡ್ಡೆ ಬಿಡಿಸಿ, ಸಿಪ್ಪೆ ಸುಲಿಯದೆ, ದಪ್ಪ ಎಸಳುಗಳನ್ನೇ ಆರಿಸಿ, ಚೂಪು ತುದಿ ಮೇಲೆ ಮಾಡಿ, ನಾಲ್ಕು ಬೆರಳು ಬಿಟ್ಟು ಒಂದೊಂದನ್ನೇ ಊರಿದಳು. ಉಳಿದ ಸಣ್ಣ ಎಸಳುಗಳನ್ನು ಬಾಯಿಗೆ ಹಾಕಿಕೊಳ್ಳಲು ಆಸೆಯಾಯಿತು. ಹಾಕಿಕೊಳ್ಳಲಿಲ್ಲ. ಅವನ್ನೂ ಊರಿದಳು. ಬೆಳ್ಳುಳ್ಳಿ ತಿಂದ ಬಾಯಿ ಹಿಡಿಯಲು ರಾಜ್ಯಕ್ಕೆ ಆಗತಾನೆ ಒಬ್ಬ ಮೂಸುವ ಅಧಿಕಾರಿಯ ನೇಮಕವಾಗಿತ್ತು.

ಮಡಿಯ ತುಂಬ ಹಸಿರು ಎದ್ದು ನಿಂತಾಗ ಆ ಅಧಿಕಾರಿ ಹಿತ್ತಲ ಗೋಡೆಯ ಮೇಲಿಂದ ಮೂಗು ಚಾಚಿದನಂತೆ. ಎಲೆ ಕಿವುಚದೆ ಬೆಳ್ಳುಳ್ಳಿ ತನ್ನ ಪರಿಚಯ ಹೇಳಿಕೊಳ್ಳುವುದಿಲ್ಲ. ಅವನಿಗೆ ಮಣ್ಣಿನ ವಾಸನೆ ಬಿಟ್ಟು ಏನೂ ಸಿಗಲಿಲ್ಲ.

"ಇವೇನು ಗಿಡ ಯವ್ವಾ?"

"ಸುಗಂಧರಾಜರೀ. ರಾಣಿಯವರ ಕುಬಸ ಬಂತಲ್ಲ, ಮೊಗ್ಗಿನ ಜಡಿಗೆ ಆಗ್ಲಿ ಅಂತ ಹಚ್ಚೀನಿ."

"ವಾಸನಿನ ಇಲ್ಲಲ್ಲ?"

"ಹೂ ಬಿಡೂಕಿಂತ ಮೊದಲ ವಾಸನಿ ಎಲ್ಲಿಂದ ಬರಬೇಕ್ರಿ ಸಾಹೇಬರ? ಲಗ್ನಕ್ಕಿಂತ ಮೊದಲ ಮೊಮ್ಮಗನ್ನ ಕೇಳಿದಂಗಾತು."

ಅಧಿಕಾರಿ ಈ ಸುದ್ದಿಯನ್ನು ಅರಮನೆಗೆ ಮುಟ್ಟಿಸಿದ. ರಾಣಿಗೆ ಬಹಳ ಸಂತೋಷವಾಯಿತು. ತನ್ನ ಹೂವನ್ನು ಮೇಕೆ ಮೇಯದಿರಲಿ ಎಂದು ಇಬ್ಬರು ಕಾವಲುಗಾರರನ್ನು ಕಳಿಸಿದಳು. ಹಿರಿಯವನು ಮುದುಕಪ್ಪ, ಕಿರಿಯವನು ಯಲಗೂರ. ಹಿತ್ತಲ ಬಾಗಿಲಿಗೆ ರಾಜಮುದ್ರೆ ಬಿತ್ತು. ಇಬ್ಬರೂ ಈಟಿ ಗೋಡೆಗೆ ಒರಗಿಸಿ ನೀರು ಹೊತ್ತರು, ಕಳೆ ಕಿತ್ತರು, ಮೇಕೆ ಓಡಿಸಿದರು. ಎಲೆ ಮುಟ್ಟಿದರೆ ಹೂ ಕಪ್ಪಾಗುತ್ತವೆ ಎಂದು ಕಲ್ಲವ್ವ ಹೇಳಿದ್ದರಿಂದ ಎಲೆಗೆ ಕೈ ಹಚ್ಚಲಿಲ್ಲ. ನಿಷೇಧವಾದ ಬೆಳೆಗೆ ಇಷ್ಟು ಬಂದೋಬಸ್ತು ಆ ರಾಜ್ಯದಲ್ಲಿ ಅದುವರೆಗೆ ಸಿಕ್ಕಿರಲಿಲ್ಲವಂತೆ.

ಚಳಿ ಕಳೆದು ಬಿಸಿಲು ಏರಿತು. ಪಾರವ್ವ ಹಸಿರು ಸೀರೆ ಉಟ್ಟು, ಉಡಿ ತುಂಬಿಸಿಕೊಂಡು ತವರಿಗೆ ಬಂದಳು. ಕಲ್ಲವ್ವ ಕಾವಲುಗಾರರಿಗೆ ಇನ್ನು ನೀರು ಸಾಕು ಎಂದಳು. ಅವರು ನಿಲ್ಲಿಸಿದರು. ದಿನ ಕಳೆದಂತೆ ಎಲೆಯ ತುದಿ ಹಳದಿಯಾಯಿತು, ಆಮೇಲೆ ಇಡೀ ಎಲೆ ಹಳದಿಯಾಯಿತು, ಕೊನೆಗೆ ಗಿಡಗಳೆಲ್ಲ ಕುತ್ತಿಗೆ ಬಾಗಿಸಿ ನೆಲಕ್ಕೆ ಮಲಗಿದವು. ಬೆಳ್ಳುಳ್ಳಿ ಬಲಿತಿತು ಎಂದು ಕಲ್ಲವ್ವನಿಗೆ ಸಮಾಧಾನ. ಅದೇ ಹೊತ್ತಿಗೆ ಅರಮನೆಯಿಂದ ಹೇಳಿಕೆ ಬಂತು: ಮಧ್ಯಾಹ್ನ ರಾಣಿ ತನ್ನ ಹೂ ನೋಡಲು ಬರುತ್ತಾಳೆ.

ಮುದುಕಪ್ಪ ಕಲ್ಲವ್ವನ ಬಳಿಗೆ ಓಡಿ ಬಂದ. "ಯವ್ವಾ, ಹೂ ಸತ್ತುವಲ್ಲ. ನೀರು ನಿಲ್ಲಸ್ರಿ ಅಂದಾಕಿ ನೀನ."

"ನಿಲ್ಲಿಸಿದವರು ಯಾರಪ್ಪಾ?"

"ನಾವ. ಅದಕ್ಕ ಅಂತೀನಿ, ಕುತ್ತಿಗಿ ನಮ್ದ ಹೋಗತೈತಿ. ಒಂದೂ ಬಿಡದಂಗ ಕಿತ್ತು ಒಗದು, ಇಲ್ಲೇನೂ ಹಚ್ಚೇ ಇರಲಿಲ್ಲ ಅಂದುಬಿಡೂಣು. ನಿನ್ನ ಕಾಲು ಬೀಳತೀನಿ."

"ಕಾಲು ಯಾಕ? ಗಿಡ ಕೀಳು."

ಮುದುಕಪ್ಪ ಬುಡ ಹಿಡಿದು ಎಳೆದ. ಮಣ್ಣು ಸಮೇತ ಮುಷ್ಟಿ ಗಾತ್ರದ ಬಿಳೀ ಗಡ್ಡೆ ಮೇಲೆ ಬಂತು. ಮೂಸಿದ. ಮಡಿಯ ಬದುವಿನ ಮೇಲೆ ಕುಳಿತುಬಿಟ್ಟ.

"ಇಷ್ಟು ದಿನ ನಾವು ಕಾದದ್ದು ಇದನ್ನಾ?"

"ಈಟಿ ಹಿಡಿದು ಕಾದ್ರಿ. ಛಲೋ ಕಾದ್ರಿ."

ಯಲಗೂರ ತಲೆ ಸವರಿಕೊಂಡ. "ಊರಾಗ ಕತ್ತಿ ಇರೂದು ಒಂದ. ಅದರ ಬೆನ್ನ ಮ್ಯಾಲ ನಾವು ಮೂರು ಮಂದಿ ಹೆಂಗ ಕೂಡೂದು ಕಾಕಾ?"

"ಸುಮ್ನ ಕೀಳೋ," ಎಂದ ಮುದುಕಪ್ಪ. ತುಸು ಹೊತ್ತಿನ ಮೇಲೆ, ಕೀಳುತ್ತಲೇ, ದನಿ ಇಳಿಸಿ ಕೇಳಿದ: "ಯವ್ವಾ, ನಮ್ಮ ಸೊಸಿಗೂ ದಿನ ತುಂಬ್ಯಾವು. ಒಂದು ಗೊಂಚಲು ಸಿಗತೈತೇನು?"

ಮೂವರೂ ಸೇರಿ ಮಡಿ ಬರಿದು ಮಾಡಿದರು. ಮಣ್ಣು ಕೊಡವಿ, ಒಣಗಿದ ಎಲೆಗಳನ್ನು ಜಡೆಯಂತೆ ಹೆಣೆದು, ಗೊಂಚಲು ಕಟ್ಟಿ, ಚಪ್ಪರದ ನೆರಳಿನಲ್ಲಿ ಹರವಿದರು. ಮೇಲೆ ಚಾಪೆ ಮುಚ್ಚುವುದರೊಳಗೆ ಪಲ್ಲಕ್ಕಿ ಬಂದೇಬಿಟ್ಟಿತು.

ರಾಣಿ ಇಳಿದಳು. ಬರಿದಾದ ಮಡಿ ನೋಡಿದಳು. ಮೂಗು ಅರಳಿಸಿದಳು. ಕಾವಲುಗಾರರಿಬ್ಬರೂ ಮುಂಡಾಸು ಬಿಗಿ ಮಾಡಿಕೊಂಡರು.

"ಏನಿದು ವಾಸನೆ?"

ಕಲ್ಲವ್ವ ಒಂದು ಸುಳ್ಳು ಸಿದ್ಧ ಮಾಡಿಕೊಂಡಿದ್ದಳು. ಆದರೆ ರಾಣಿ ಉಗುಳು ನುಂಗಿದ್ದನ್ನು ಕಂಡಳು, ಸುಳ್ಳನ್ನು ಅಲ್ಲೇ ಬಿಟ್ಟಳು.

"ತಾಯೀ, ಬಯಕಿ ಹತ್ತೈತೇನು?"

"ವಾರದಿಂದ ಮಾವಿನಕಾಯಿ ತಂದರು, ಹುಣಸೆ ತಂದರು, ಯಾವುದೂ ಅಲ್ಲ. ನನಗೇನು ಬೇಕು ಅಂತ ನನಗೇ ಗೊತ್ತಾಗಲಿಲ್ಲ." ರಾಣಿ ಚಪ್ಪರದ ಕಡೆ ನೋಡಿದಳು. "ಇದು."

ಪಾರವ್ವ ರೊಟ್ಟಿ ತಟ್ಟಿದಳು. ಕಲ್ಲವ್ವ ಹಸಿ ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ಉಪ್ಪು ಒರಳಿಗೆ ಹಾಕಿ ಕುಟ್ಟಿ, ಮೇಲೆ ಎಣ್ಣೆ ಬಿಟ್ಟಳು. ಇಬ್ಬರು ಬಸುರಿಯರೂ ಹಿತ್ತಲಲ್ಲಿ ಎದುರುಬದುರು ಕುಳಿತು ತಿಂದರು.

ಕುಟ್ಟಿದ ವಾಸನೆ ಬೀದಿ ದಾಟಿತು. ಮೂಸುವ ಅಧಿಕಾರಿ ಮೊದಲು ಬಂದ. ಅವನ ಹಿಂದೆ, ರಾಣಿ ಇನ್ನೂ ಬರಲಿಲ್ಲವೆಂದು ಗಾಬರಿಯಾಗಿದ್ದ ರಾಜ.

"ಸಿಕ್ಕಿತು ಮಹಾಪ್ರಭು," ಎಂದ ಅಧಿಕಾರಿ.

ರಾಜ ರಾಣಿಯ ಕಡೆ ನೋಡಿದ. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎನ್ನುವುದು ಅವನಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವನು ಬೆಳ್ಳುಳ್ಳಿ ತಿನ್ನದೆ ಬಹಳ ದಿನವಾಗಿತ್ತು. ಕಿರೀಟ ತೆಗೆದು ಬದುವಿನ ಮೇಲಿಟ್ಟು, ರಾಣಿಯ ಪಕ್ಕ ಕುಳಿತ.

"ಇನ್ನೊಂದು ರೊಟ್ಟಿ ಐತೇನವ್ವಾ?"

"ಮಹಾಪ್ರಭು, ಇದು ಏನು ಅಂತ ಬರೆದುಕೊಳ್ಳಲಿ?" ಎಂದು ಅಧಿಕಾರಿ ಕೇಳಿದ.

"ಸುಗಂಧರಾಜ," ಎಂದ ರಾಜ, ಬಾಯಿ ತುಂಬಿಕೊಂಡೇ.

ಮರುದಿನದಿಂದ ಊರಿನ ಹಿತ್ತಲಲ್ಲೆಲ್ಲ ‘ಸುಗಂಧರಾಜ’ದ ಮಡಿ ಎದ್ದವು. ಬೀಜಕ್ಕೆ ಎಲ್ಲರೂ ಕಲ್ಲವ್ವನ ಬಾಗಿಲಿಗೇ ಬರಬೇಕಾಯಿತು. ಮೊದಲು ಬಂದವರು ಮಂತ್ರಿಗಳ ಹೆಂಡಂದಿರು. ಬಾಣಂತಿಯರ ಪಾಲು ತೆಗೆದಿಟ್ಟು, ಉಳಿದದ್ದನ್ನು ಅವಳು ಸಾಲಿನಲ್ಲಿ ನಿಲ್ಲಿಸಿ ಹಂಚಿದಳಂತೆ. ರಾಣಿಯ ಕುಬಸಕ್ಕೆ ಮಲ್ಲಿಗೆ ಮುಡಿಸಿದರು.

ಪಾರವ್ವ ಗಂಡು ಹೆತ್ತಳು, ರಾಣಿ ಹೆಣ್ಣು ಹೆತ್ತಳು. ಎರಡು ಕೂಸಿಗೂ ಹಾಲು ಸಾಕಾಯಿತು.